ಶಾಲೆಯಲ್ಲಿ ದೇಹ ಸುರಕ್ಷತೆಯ ಶಿಕ್ಷಣ

ದೇಹ ಸುರಕ್ಷತೆಯ ಶಿಕ್ಷಣ: ತನ್ನ ದೇಹ ತನ್ನದು ಎಂಬ ಅರಿವು, ಇನ್ನೊಬ್ಬರನ್ನು ಮುಟ್ಟುವ ಮೊದಲು ಒಪ್ಪಿಗೆ ಕೇಳುವ ರೂಢಿ, ಯಾರಾದರೂ ಮೇರೆ ಮೀರಿದರೆ ನಂಬಿಕೆಯ ಹಿರಿಯರಿಗೆ ಹೇಳುವ ಧೈರ್ಯ, ಈ ಮೂರನ್ನು ಎಳೆಯ ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಕಲಿಸುವ ಪಾಠಕ್ರಮ. ಅಂಗನವಾಡಿಗೆ ಬರುವ ಮೂರು ವರ್ಷದ ಮಗುವಿನಿಂದ ಹಿಡಿದು ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳವರೆಗೆ ಇದರ ವ್ಯಾಪ್ತಿ ಇದೆ. ಭಾರತದಲ್ಲಿ ಈ ಕ್ಷೇತ್ರದಲ್ಲಿ ದುಡಿಯುವ ಸಂಸ್ಥೆಗಳು ಇದನ್ನು ‘ವೈಯಕ್ತಿಕ ಸುರಕ್ಷತಾ ಶಿಕ್ಷಣ’ ಎನ್ನುತ್ತವೆ. ಶಾಲೆಗಳ ಮಾತಿನಲ್ಲಿ ಇದು ‘ಗುಡ್ ಟಚ್, ಬ್ಯಾಡ್ ಟಚ್’ ಪಾಠ.

ಹದಿಹರೆಯದವರಿಗೆ ನೀಡುವ ಲೈಂಗಿಕ ಶಿಕ್ಷಣಕ್ಕೂ ಇದಕ್ಕೂ ವ್ಯತ್ಯಾಸವಿದೆ. ಎಳೆಯ ಮಕ್ಕಳ ಪಾಠದಲ್ಲಿ ಲೈಂಗಿಕ ಕ್ರಿಯೆಯ ವಿವರಣೆ ಇರುವುದಿಲ್ಲ. ಸ್ನಾನ, ಬಟ್ಟೆ, ಆಟ, ಅಪ್ಪುಗೆ, ಕಚಗುಳಿ, ವೈದ್ಯರ ತಪಾಸಣೆಯಂಥ ದಿನನಿತ್ಯದ ಸಂದರ್ಭಗಳೇ ಇಲ್ಲಿನ ಸಾಮಗ್ರಿ. ರಸ್ತೆ ದಾಟುವುದನ್ನು ಕಲಿಸುವಾಗ ಮಗುವಿಗೆ ಅಪಘಾತದ ಭೀಕರ ಚಿತ್ರಗಳನ್ನು ತೋರಿಸಬೇಕಾಗಿಲ್ಲ. ಎಲ್ಲಿ ನಿಲ್ಲಬೇಕು, ಯಾರ ಕೈ ಹಿಡಿಯಬೇಕು ಎಂಬುದು ಗೊತ್ತಾದರೆ ಸಾಕು. ಇಲ್ಲಿಯೂ ಹಾಗೆಯೇ. ಆದರೆ ಈ ಪಾಠ ಪೂರ್ಣವಾಗಬೇಕಾದರೆ ಹೇಳುವ ಮಗುವಿನಷ್ಟೇ ಕೇಳುವ ಹಿರಿಯರೂ ಸಿದ್ಧರಾಗಿರಬೇಕು. ಈ ಶಿಕ್ಷಣದ ಚರಿತ್ರೆ, ಅದರ ಯಶಸ್ಸು, ಅದರ ಸೋಲು ಎಲ್ಲವೂ ಇದೊಂದು ಮಾತಿನ ಸುತ್ತ ಇವೆ.

ಅಗತ್ಯ

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ 2007ರಲ್ಲಿ ಒಂದು ವರದಿ ಪ್ರಕಟಿಸಿತು. ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದಾಗಿ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಗಂಡುಮಕ್ಕಳಿದ್ದರು. ಇದು ಹೆಣ್ಣುಮಕ್ಕಳ ಸಮಸ್ಯೆ ಎಂದು ತಿಳಿದಿದ್ದವರಿಗೆ ಆ ಅಂಕಿ ಬೇರೆಯೇ ಚಿತ್ರ ಕೊಟ್ಟಿತು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಮಗು ನಂಬಿ ನಡೆಯಬೇಕಾದ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಪೊಲೀಸರ ವರೆಗೆ ಬಂದ ಪ್ರಕರಣಗಳಲ್ಲಿಯೂ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿದ್ದವರೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗಳು ತೋರಿಸುತ್ತಿವೆ.

ಮಕ್ಕಳು ಏಕೆ ಹೇಳುವುದಿಲ್ಲ? ಎಷ್ಟೋ ಸಲ ನಡೆದದ್ದೇನು ಎಂದು ಹೇಳಲು ಅವರಲ್ಲಿ ಪದವಿರುವುದಿಲ್ಲ. ಬೆತ್ತಲೆ ಓಡಾಡಿದ ಮಗುವಿಗೆ ‘ಶೇಮ್ ಶೇಮ್’ ಎಂದು ಬೆರಳಾಡಿಸುವ ಮನೆಯಲ್ಲಿ ದೇಹದ ಆ ಭಾಗದ ಬಗ್ಗೆ ಮಾತೇ ಆಡಬಾರದು ಎಂಬುದನ್ನು ಮಗು ಮಾತು ಕಲಿಯುವಾಗಲೇ ಕಲಿತಿರುತ್ತದೆ. ‘ದೊಡ್ಡವರಿಗೆ ಎದುರಾಡಬಾರದು’ ಎಂಬ ಬುದ್ಧಿಮಾತೂ, ‘ಮಾಮ ಅಲ್ವಾ, ಒಂದು ಮುತ್ತು ಕೊಡು’ ಎಂಬ ಒತ್ತಾಯವೂ ಸೇರಿ, ಬೇಡ ಅನ್ನಿಸಿದ್ದಕ್ಕೆ ಬೇಡ ಎನ್ನುವ ಅಭ್ಯಾಸ ಬೆಳೆಯದೆ ಹೋಗುತ್ತದೆ. ದೌರ್ಜನ್ಯ ಎಸಗುವವರು ಮೊದಲು ಮಗುವಿನ ವಿಶ್ವಾಸ ಗಳಿಸುತ್ತಾರೆ. ಚಾಕೊಲೇಟು, ಮೊಬೈಲು ಕೊಡುತ್ತಾರೆ, ವಿಶೇಷ ಅಕ್ಕರೆ ತೋರಿಸುತ್ತಾರೆ. ಆಮೇಲೆ ‘ಇದು ನಮ್ಮಿಬ್ಬರ ಗುಟ್ಟು’ ಎನ್ನುತ್ತಾರೆ, ಇಲ್ಲವೇ ಹೆದರಿಸುತ್ತಾರೆ. ಮಗು ಹೇಳಿದರೂ ಮನೆಯವರು ನಂಬದಿರಬಹುದು, ಅಥವಾ ಮನೆತನದ ಮರ್ಯಾದೆಗೆ ಹೆದರಿ ಬಾಯಿ ಮುಚ್ಚಿಸಬಹುದು. ಮನೆಯೊಳಗೇ ಅಪಾಯವಿರುವ ಮಗುವಿಗೆ ಮನೆಯ ಹೊರಗೆ ನಂಬಬಹುದಾದ ಹಿರಿಯರು ದಿನವೂ ಸಿಗುವ ಜಾಗ ಶಾಲೆ. ಈ ಶಿಕ್ಷಣವನ್ನು ಮನೆಗಷ್ಟೇ ಬಿಡದೆ ಶಾಲೆಗೆ ತಂದದ್ದಕ್ಕೆ ಮುಖ್ಯ ಕಾರಣ ಇದು.

ಬೆಳೆದುಬಂದ ಬಗೆ

ಈ ಬಗೆಯ ಪಾಠಗಳು ರೂಪುಗೊಂಡದ್ದು 1970ರ ದಶಕದ ಅಮೆರಿಕದಲ್ಲಿ, ಮಹಿಳಾ ಚಳವಳಿಯ ಒತ್ತಾಸೆಯಿಂದ. ಮಿನಿಯಾಪೊಲಿಸ್‌ನಲ್ಲಿ ಕಾರ್ಡೀಲಿಯಾ ಆಂಡರ್‌ಸನ್ 1977ರಿಂದ ಮಕ್ಕಳೊಡನೆ ಕೆಲಸ ಮಾಡುತ್ತಾ ಸ್ಪರ್ಶಗಳನ್ನೆಲ್ಲ ಒಂದು ಗೆರೆಯ ಮೇಲೆ ಜೋಡಿಸಿ ತೋರಿಸುವ ಕ್ರಮವನ್ನು ರೂಪಿಸಿದರು. ಗೆರೆಯ ಒಂದು ತುದಿಯಲ್ಲಿ ಹಿತ ಕೊಡುವ ಸ್ಪರ್ಶ, ಮತ್ತೊಂದು ತುದಿಯಲ್ಲಿ ಶೋಷಣೆಯ ಸ್ಪರ್ಶ, ನಡುವೆ ಗೊಂದಲ ಹುಟ್ಟಿಸುವ ಸ್ಪರ್ಶ. ಈ ವಿಚಾರ ನಾಟಕವಾಗಿಯೂ ಶಾಲೆಗಳನ್ನು ತಲುಪಿತು. 1978ರಲ್ಲಿ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಎರಡನೆಯ ತರಗತಿಯ ಬಾಲಕಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ನಂತರ, ಅಲ್ಲಿನ ಮಹಿಳಾ ಸಂಘಟನೆಯೊಂದು ಮಕ್ಕಳಿಗಾಗಿಯೇ ‘ಚೈಲ್ಡ್ ಅಸಾಲ್ಟ್ ಪ್ರಿವೆನ್ಷನ್’ ಎಂಬ ಕಾರ್ಯಕ್ರಮ ಕಟ್ಟಿತು. ಮಕ್ಕಳು ಪಾತ್ರ ವಹಿಸಿ ಅಭಿನಯಿಸುತ್ತಾ ಕಲಿಯುವ ಕ್ರಮ ಅದರ ವಿಶೇಷ. ವಿಸ್ಕಾನ್ಸಿನ್ ರಾಜ್ಯದಲ್ಲಿ ಪೆಗ್ ಫ್ಲ್ಯಾಂಡ್ರೋ ವೆಸ್ಟ್ ಮತ್ತೊಂದು ದಾರಿ ಹಿಡಿದರು. ಅಪಾಯದ ಸುಳಿವು ಮೊದಲು ದೇಹಕ್ಕೇ ಸಿಗುತ್ತದೆ, ಹೊಟ್ಟೆ ಕಿವುಚಿದಂತಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಈ ಮುನ್ಸೂಚನೆಗಳನ್ನು ಗುರುತಿಸಲು ಮಕ್ಕಳಿಗೆ ಕಲಿಸಬೇಕು ಎಂಬುದು ಅವರ ಕ್ರಮದ ಬುನಾದಿ. 1980ರ ದಶಕದಲ್ಲಿ ಈ ಕ್ರಮ ಆಸ್ಟ್ರೇಲಿಯಾದ ಶಾಲೆಗಳಿಗೆ ಹರಡಿತು.

1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆ ಈ ಶಿಕ್ಷಣಕ್ಕೆ ಹಕ್ಕಿನ ಬಲ ಕೊಟ್ಟಿತು. ಅದರ 19 ಮತ್ತು 34ನೆಯ ವಿಧಿಗಳು ಮಕ್ಕಳನ್ನು ಎಲ್ಲ ಬಗೆಯ ಹಿಂಸೆ ಮತ್ತು ಲೈಂಗಿಕ ಶೋಷಣೆಯಿಂದ ಕಾಪಾಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸುತ್ತವೆ. 12ನೆಯ ವಿಧಿ ಮಗುವಿನ ಮಾತಿಗೆ ಬೆಲೆ ಕೊಡಬೇಕೆನ್ನುತ್ತದೆ. ಭಾರತ 1992ರ ಡಿಸೆಂಬರ್ 11ರಂದು ಇದಕ್ಕೆ ಸೇರಿತು. ಯುನೆಸ್ಕೊ 2009ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯಲ್ಲಿ ಒಪ್ಪಿಗೆ, ಖಾಸಗಿತನ ಮತ್ತು ದೇಹದ ಮೇಲಿನ ಹಕ್ಕು ಐದರಿಂದ ಎಂಟು ವರ್ಷದ ಮಕ್ಕಳಿಂದಲೇ ಶುರುವಾಗುವ ಪಾಠ. ಮಕ್ಕಳ ರಕ್ಷಣೆಗಾಗಿ ದುಡಿಯುವ ಬ್ರಿಟನ್‌ನ ಎನ್‌ಎಸ್‌ಪಿಸಿಸಿ ಸಂಸ್ಥೆ 2013ರಲ್ಲಿ ಒಳ ಉಡುಪು ಮುಚ್ಚುವ ಭಾಗ ಖಾಸಗಿ ಎಂಬ ಸರಳ ನಿಯಮವನ್ನು ಪ್ರಚಾರಕ್ಕೆ ತಂದಿತು. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ 2020ರ ಸೆಪ್ಟೆಂಬರ್‌ನಿಂದ ಸಂಬಂಧಗಳ ಶಿಕ್ಷಣ ಕಡ್ಡಾಯವಾಗಿದೆ. ಆಸ್ಟ್ರೇಲಿಯಾ 2023ರಿಂದ ಒಪ್ಪಿಗೆಯ ಪಾಠವನ್ನು ಶಾಲೆಯ ಮೊದಲ ವರ್ಷದಿಂದ ಹತ್ತನೆಯ ತರಗತಿಯವರೆಗೆ ರಾಷ್ಟ್ರೀಯ ಪಠ್ಯಕ್ರಮಕ್ಕೆ ಸೇರಿಸಿದೆ.

ಪಾಠದ ತಿರುಳು

*ದೇಹದ ಹೆಸರುಗಳು:* ಕಣ್ಣು, ಮೂಗು, ಮೊಣಕಾಲಿನ ಜೊತೆಯಲ್ಲೇ ಖಾಸಗಿ ಅಂಗಗಳ ಹೆಸರನ್ನೂ ನಾಚಿಕೆಯಿಲ್ಲದೆ ಹೇಳಿಕೊಡುವುದು ಮೊದಲ ಹೆಜ್ಜೆ. ಮನೆಯ ಮುದ್ದು ಹೆಸರು ಆ ಮನೆಯವರಿಗಷ್ಟೇ ಗೊತ್ತಿರುತ್ತದೆ. ಮಗು ಅದನ್ನು ಬಳಸಿ ಶಿಕ್ಷಕಿಗೆ ದೂರು ಹೇಳಿದರೆ ಅರ್ಥವಾಗದೆ ಹೋಗಬಹುದು. ಶಿಶ್ನ, ಯೋನಿ ಎಂಬ ಪದಗಳನ್ನು ತರಗತಿಯಲ್ಲಿ ಉಚ್ಚರಿಸಲು ಶಿಕ್ಷಕರು ಹಿಂಜರಿಯುವುದುಂಟು. ಹಾಗಾಗಿ ಅನೇಕ ಪಾಠಗಳು ಮಗುವಿನ ಚಿತ್ರ ತೋರಿಸಿ ಬಾಯಿ, ಎದೆ, ತೊಡೆಗಳ ನಡುವಿನ ಭಾಗ, ಪೃಷ್ಠ ಇವು ಖಾಸಗಿ ಎಂದು ಗುರುತಿಸುತ್ತವೆ.

*ನಿಯಮ:* ಮಗುವನ್ನು ಸ್ವಚ್ಛವಾಗಿ, ಆರೋಗ್ಯವಾಗಿ ಇಡುವ ಸಂದರ್ಭ ಬಿಟ್ಟರೆ ಯಾರೂ ಅದರ ಖಾಸಗಿ ಅಂಗಗಳನ್ನು ಮುಟ್ಟುವಂತಿಲ್ಲ, ನೋಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ತಮ್ಮದನ್ನು ತೋರಿಸುವಂತಿಲ್ಲ, ಮುಟ್ಟಿಸಿಕೊಳ್ಳುವಂತಿಲ್ಲ. ಡಾಕ್ಟರು ಪರೀಕ್ಷಿಸುವಾಗ ಅಮ್ಮನೋ ಅಪ್ಪನೋ ನಂಬಿಕೆಯ ಇನ್ನೊಬ್ಬರೋ ಜೊತೆಗಿರಬೇಕು. ಇದು ಹೊರಗಿನವರಿಗೂ ನೆಂಟರಿಗೂ ಹಿರಿಯ ಮಕ್ಕಳಿಗೂ ಗುರುಗಳಿಗೂ ಸಮಾನವಾಗಿ ಅನ್ವಯಿಸುವ ನಿಯಮ ಎಂಬುದನ್ನು ಒತ್ತಿ ಹೇಳಬೇಕಾಗುತ್ತದೆ. ‘ಅಪರಿಚಿತರ ಹತ್ತಿರ ಹೋಗಬೇಡ’ ಎಂಬ ಎಚ್ಚರಿಕೆಯೊಂದನ್ನೇ ಕೇಳಿ ಬೆಳೆದ ಮಗುವಿಗೆ ಪರಿಚಿತರಿಂದ ಬರುವ ಅಪಾಯ ಹೊಳೆಯುವುದೇ ಇಲ್ಲ.

*ಸ್ಪರ್ಶ:* ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂಬ ವಿಂಗಡಣೆ ನೆನಪಿಡಲು ಸುಲಭ. ಆದರೆ ಅದರಲ್ಲಿ ತೊಡಕುಗಳಿವೆ. ಚುಚ್ಚುಮದ್ದು ನೋಯಿಸುತ್ತದೆ, ಆದರೂ ಅದು ಮಗುವಿನ ಒಳಿತಿಗೆ. ದೌರ್ಜನ್ಯದ ಸ್ಪರ್ಶ ಕೆಲವೊಮ್ಮೆ ನೋಯಿಸುವುದಿಲ್ಲ, ಮುದ್ದಿನ ಹಾಗೆಯೇ ಇರುತ್ತದೆ. ‘ಕೆಟ್ಟದ್ದು’ ನಡೆದಾಗ ತಾನೂ ಕೆಟ್ಟವನಾದೆ ಎಂದು ಮಗು ತಿಳಿಯಬಹುದು. ಆದ್ದರಿಂದ ಈಗ ಸುರಕ್ಷಿತ, ಅಸುರಕ್ಷಿತ ಎಂದೂ, ಗೊಂದಲವಾದರೆ ಅದನ್ನೂ ಹೇಳಿಕೊಳ್ಳಬೇಕೆಂದೂ ಕಲಿಸುವವರು ಹೆಚ್ಚುತ್ತಿದ್ದಾರೆ. ಸ್ಪರ್ಶವನ್ನು ತೂಗಿ ನೋಡುವ ಭಾರವನ್ನು ಮಗುವಿನ ಮೇಲೆ ಹೊರಿಸದೆ, ನಿಯಮ ಮುರಿದರೋ ಇಲ್ಲವೋ ಎಂಬುದನ್ನಷ್ಟೇ ಗುರುತಿಸಲು ಕಲಿಸುವುದು ಇದರ ಮುಂದಿನ ಹೆಜ್ಜೆ.

*ಒಪ್ಪಿಗೆ ಮತ್ತು ಮೇರೆ:* ಎಳೆಯ ಮಕ್ಕಳ ಮಟ್ಟಿಗೆ ಒಪ್ಪಿಗೆ ಎಂದರೆ ಆಟದ ಮೈದಾನದ ಶಿಸ್ತು. ಗೆಳತಿಯ ಜಡೆ ಎಳೆಯುವ ಮೊದಲು, ಪಕ್ಕದವನ ಪೆನ್ಸಿಲು ತೆಗೆದುಕೊಳ್ಳುವ ಮೊದಲು, ಅಪ್ಪಿಕೊಳ್ಳುವ ಮೊದಲು ಕೇಳಬೇಕು, ‘ಸಾಕು’ ಎಂದಾಗ ನಗುತ್ತಿದ್ದರೂ ಕಚಗುಳಿ ನಿಲ್ಲಿಸಬೇಕು, ನಿನ್ನೆ ಹೂಂ ಎಂದವರು ಇಂದು ಬೇಡ ಎನ್ನಬಹುದು, ಸುಮ್ಮನಿದ್ದರೆ ಒಪ್ಪಿದಂತಲ್ಲ. ಮಗು ತನ್ನನ್ನು ಕಾಪಾಡಿಕೊಳ್ಳುವುದನ್ನು ಮಾತ್ರ ಕಲಿಸಿದರೆ ಪಾಠ ಅರ್ಧವಾಗುತ್ತದೆ. ಇನ್ನೊಬ್ಬರ ಮೇರೆಯನ್ನು ಮೀರದಿರುವುದನ್ನು ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಟ್ಟಿಗೆ ಕುಳಿತು ಕಲಿಯಬೇಕು. ಮನೆಗೆ ಬಂದ ನೆಂಟರಿಗೆ ಅಪ್ಪುಗೆ ಬೇಡವಾದರೆ ನಮಸ್ಕಾರ ಮಾಡಬಹುದು ಎಂಬ ಆಯ್ಕೆ ಕೊಟ್ಟರೆ ಗೌರವಕ್ಕೂ ಕುಂದಿಲ್ಲ, ಮಗುವಿನ ಇಷ್ಟಕ್ಕೂ ಕುಂದಿಲ್ಲ.

*ಗುಟ್ಟು:* ಹುಟ್ಟುಹಬ್ಬದ ಉಡುಗೊರೆಯನ್ನು ಮುಚ್ಚಿಡುವುದು ಸಂತೋಷದ ಗುಟ್ಟು, ಅದು ಆ ದಿನ ಬಯಲಾಗುತ್ತದೆ. ಸ್ಪರ್ಶದ ಬಗ್ಗೆ ಗುಟ್ಟು ಇರಕೂಡದು. ಯಾರಾದರೂ ಇಟ್ಟುಕೊಳ್ಳಲು ಹೇಳಿದರೆ ಆಣೆ ಹಾಕಿಸಿದ್ದರೂ ಹೇಳಿಬಿಡಬೇಕು.

*ಹೇಳುವುದು:* ‘ಬೇಡ ಎನ್ನು, ದೂರ ಹೋಗು, ಹೇಳು’ ಎಂಬ ಮೂರು ಹೆಜ್ಜೆಗಳು ಬಹುತೇಕ ಎಲ್ಲ ಪಾಠಗಳಲ್ಲೂ ಇವೆ. ಇವುಗಳಲ್ಲಿ ಮೂರನೆಯದೇ ಮುಖ್ಯ. ದೊಡ್ಡವರ ಬಲದ ಎದುರು ಮಗು ಬೇಡ ಎನ್ನಲಾಗದೆ, ಓಡಲಾಗದೆ ಮರಗಟ್ಟಿ ನಿಲ್ಲುವುದು ಸಹಜ. ಹಾಗೆ ನಿಂತದ್ದು ತಪ್ಪಲ್ಲ, ಎಷ್ಟೇ ದಿನ ಕಳೆದಿದ್ದರೂ ಹೇಳಬಹುದು, ಒಬ್ಬರು ನಂಬದಿದ್ದರೆ ನಂಬುವವರು ಸಿಗುವವರೆಗೆ ಹೇಳುತ್ತಲೇ ಇರಬೇಕು. ಮಗು ಕೈಯನ್ನು ಹಾಳೆಯ ಮೇಲಿಟ್ಟು ಗೆರೆ ಎಳೆದು, ಐದು ಬೆರಳುಗಳಲ್ಲಿ ತಾನು ನಂಬುವ ಐದು ಹಿರಿಯರ ಹೆಸರು ಬರೆಯುವ ಚಟುವಟಿಕೆ ಇದಕ್ಕಾಗಿಯೇ ಇದೆ. ಐವರಲ್ಲಿ ಮನೆಯ ಹೊರಗಿನವರೂ ಇರುವಂತೆ ಶಿಕ್ಷಕರು ನೋಡಿಕೊಳ್ಳುತ್ತಾರೆ.

ವಯಸ್ಸಿಗೆ ತಕ್ಕ ಹಂತಗಳು

ಮೂರರಿಂದ ಐದು ವರ್ಷದ ಮಕ್ಕಳಿಗೆ ಅಂಗಗಳ ಹೆಸರು, ಶೌಚ ಮತ್ತು ಸ್ನಾನದ ಖಾಸಗಿತನ, ಸಂತೋಷ, ಭಯ, ಸಿಟ್ಟು, ದುಃಖ ಎಂಬ ಭಾವನೆಗಳನ್ನು ಹೆಸರಿಸುವುದು, ಬೇಡವಾದ್ದಕ್ಕೆ ಬೇಡ ಎನ್ನುವುದು ಸಾಕು. ಆರರಿಂದ ಎಂಟು ವರ್ಷದವರು ನಿಯಮಗಳನ್ನೂ ಅವುಗಳ ವಿನಾಯಿತಿಗಳನ್ನೂ ಗುಟ್ಟಿನ ಬಗೆಗಳನ್ನೂ ಗ್ರಹಿಸಬಲ್ಲರು. ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ನೆನಪಿಡಬಲ್ಲರು. ಒಂಬತ್ತರಿಂದ ಹನ್ನೆರಡರವರಿಗೆ ಆಮಿಷ ಮತ್ತು ಒತ್ತಡ, ಗೆಳೆಯರ ನಡುವಿನ ಕೀಟಲೆ ಹಿಂಸೆಯಾಗುವ ಬಗೆ, ಬರಲಿರುವ ದೇಹದ ಬದಲಾವಣೆ, ಆನ್‌ಲೈನ್ ಆಟಗಳಲ್ಲಿ ಸಿಗುವ ಹೊಸ ‘ಗೆಳೆಯರು’, ಫೋಟೊ ಕಳಿಸುವಂತೆ ಬರುವ ಒತ್ತಾಯ, ಇನ್ನೊಬ್ಬರ ಫೋಟೊ ಹಂಚುವ ಮೊದಲು ಕೇಳಬೇಕಾದ ಒಪ್ಪಿಗೆ, ಕಾನೂನಿನ ರಕ್ಷಣೆ ಇವೆಲ್ಲ ಸೇರುತ್ತವೆ.

ಎಳೆಯ ಮಕ್ಕಳು ಪರಸ್ಪರರ ದೇಹದ ಬಗ್ಗೆ ಕುತೂಹಲ ತೋರುವುದು ಬೆಳವಣಿಗೆಯ ಭಾಗ. ಅದನ್ನು ಅಪರಾಧವೆಂಬಂತೆ ಕಾಣದೆ, ಗದರದೆ, ನಿಯಮ ನೆನಪಿಸಿ ಬೇರೆ ಆಟಕ್ಕೆ ಕರೆದರೆ ಸಾಕು. ಒತ್ತಾಯ, ಗುಟ್ಟು, ವಯಸ್ಸಿನಲ್ಲಿ ದೊಡ್ಡ ಅಂತರ ಕಂಡರೆ ಅಥವಾ ಮಗುವಿಗೆ ಗೊತ್ತಿರಬಾರದ ವಿವರಗಳು ಅದರ ಆಟದಲ್ಲಿ ಕಂಡರೆ ಮಾತ್ರ ಹೆಚ್ಚಿನ ಗಮನ ಕೊಡಬೇಕು.

ಕಲಿಸುವ ವಿಧಾನ

ಭಾಷಣದಿಂದ ಈ ಪಾಠ ನಾಟುವುದಿಲ್ಲ. ಕಥೆ, ಬೊಂಬೆ, ಹಾಡು, ಚಿತ್ರಪಟ, ಅಭಿನಯ, ‘ಹೀಗಾದರೆ ಏನು ಮಾಡುವೆ’ ಎಂಬ ಪ್ರಶ್ನೆಯಾಟಗಳ ಮೂಲಕ ಮಕ್ಕಳು ತಾವೇ ಮಾಡಿ ನೋಡಿ ಕಲಿಯಬೇಕು. ‘ಬೇಡ!’ ಎಂದು ಗಟ್ಟಿಯಾಗಿ ಹೇಳುವುದನ್ನೂ, ಹೇಳಲು ಕಷ್ಟವಾದದ್ದನ್ನು ಟೀಚರಿಗೆ ಹೇಗೆ ಆರಂಭಿಸಿ ಹೇಳಬೇಕೆಂಬುದನ್ನೂ ಅಭ್ಯಾಸ ಮಾಡಿಸಬೇಕು. ವರ್ಷಕ್ಕೊಂದು ದಿನದ ಕಾರ್ಯಕ್ರಮಕ್ಕಿಂತ ವಾರಕ್ಕೊಂದರಂತೆ ಕೆಲವು ಚಿಕ್ಕ ಪಾಠಗಳು, ಮುಂದಿನ ವರ್ಷ ಅವುಗಳ ಪುನರಾವರ್ತನೆ ಹೆಚ್ಚು ಫಲ ಕೊಡುತ್ತವೆ. ಚೈಲ್ಡ್‌ಲೈನ್ ಸಂಸ್ಥೆ ಹೊರತಂದ ‘ಕೋಮಲ್’ ಎಂಬ ಕಿರು ಅನಿಮೇಷನ್ ಚಿತ್ರ ದೇಶದ ಎಷ್ಟೋ ಶಾಲೆಗಳಲ್ಲಿ ಬಳಕೆಯಾಗಿದೆ. ಪಕ್ಕದ ಮನೆಯ ಅಂಕಲ್ ವಿಶ್ವಾಸ ಗಳಿಸಿ ಮೇರೆ ಮೀರುವ ಕಥೆ ಅದರದ್ದು. 2012ರ ಮೇ 13ರಂದು ಪ್ರಸಾರವಾದ ‘ಸತ್ಯಮೇವ ಜಯತೇ’ ಟಿವಿ ಕಾರ್ಯಕ್ರಮದ ಸಂಚಿಕೆಯಲ್ಲಿ ಆಮಿರ್ ಖಾನ್ ಪುಟ್ಟ ಮಕ್ಕಳ ಗುಂಪಿಗೆ ಈ ಪಾಠವನ್ನು ಮಾಡಿ ತೋರಿಸಿದ ನಂತರ ಇದು ಮನೆಮನೆಯ ಮಾತಾಯಿತು.

ಪಾಠ ಶುರುವಾಗುವ ಮೊದಲೇ ಪಾಲಕರ ಸಭೆ ಕರೆದು ಏನು ಕಲಿಸುತ್ತೇವೆ, ಯಾವ ಚಿತ್ರ ತೋರಿಸುತ್ತೇವೆ ಎಂದು ತಿಳಿಸುವುದು ಒಳ್ಳೆಯ ಕ್ರಮ. ‘ಗೊತ್ತಿಲ್ಲದ ಮಗುವಿಗೆ ಇಲ್ಲದ್ದನ್ನೆಲ್ಲ ಯಾಕೆ ಹೇಳಿಕೊಡುತ್ತೀರಿ’ ಎಂಬ ಆತಂಕ ಪಾಠವನ್ನು ಕಣ್ಣಾರೆ ನೋಡಿದಾಗ ಕಡಿಮೆಯಾಗುತ್ತದೆ. ತರಗತಿ ಮುಗಿದ ಮೇಲೆ ಯಾವ ಮಗುವಿಗಾದರೂ ಶಿಕ್ಷಕರೊಡನೆ ಪ್ರತ್ಯೇಕವಾಗಿ ಮಾತನಾಡಲು ಸಮಯವನ್ನೂ ಜಾಗವನ್ನೂ ಉಳಿಸಿಡುವುದು ಅಷ್ಟೇ ಅಗತ್ಯ, ಏಕೆಂದರೆ ಮಕ್ಕಳು ಬಾಯಿಬಿಡುವುದು ಬಹಳ ಸಲ ಆ ಹೊತ್ತಿನಲ್ಲೇ.

ಭಾರತದ ಕಾನೂನು

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ಪೋಕ್ಸೋ, 2012ರ ನವೆಂಬರ್ 14ರಂದು ಜಾರಿಗೆ ಬಂತು. ಅದರ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಹೆಣ್ಣು, ಗಂಡು ಎಂಬ ಭೇದವಿಲ್ಲ. ಲೈಂಗಿಕ ವಿಷಯದಲ್ಲಿ ಮಗುವಿನ ಒಪ್ಪಿಗೆಗೆ ಕಾನೂನಿನಲ್ಲಿ ಮಾನ್ಯತೆ ಇಲ್ಲ. ‘ಮಗು ಬೇಡ ಅನ್ನಲಿಲ್ಲ’ ಎಂಬ ಮಾತು ಯಾವ ಹಿರಿಯನನ್ನೂ ಕಾಪಾಡದು. ತರಗತಿಯಲ್ಲಿ ಒಪ್ಪಿಗೆಯ ಪಾಠ ಮಾಡುವವರು ಈ ಅಂಶವನ್ನು ಮರೆಯಬಾರದು: ಮಕ್ಕಳು ಕಲಿಯುವ ಒಪ್ಪಿಗೆ ಪರಸ್ಪರ ಗೌರವದ ಅಭ್ಯಾಸ, ದೌರ್ಜನ್ಯವನ್ನು ತಡೆಯುವ ಹೊಣೆ ಅದರಿಂದ ಮಗುವಿನ ಹೆಗಲಿಗೆ ದಾಟುವುದಿಲ್ಲ. ಬಟ್ಟೆಯ ಮೇಲಿಂದ ಮುಟ್ಟಿದರೆ ಲೈಂಗಿಕ ಹಲ್ಲೆಯಾಗದು ಎಂದಿದ್ದ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ತೀರ್ಪನ್ನು ಸುಪ್ರೀಂ ಕೋರ್ಟ್ 2021ರ ನವೆಂಬರ್ 18ರಂದು ರದ್ದುಮಾಡಿ, ಮುಟ್ಟಿದವನ ಲೈಂಗಿಕ ಉದ್ದೇಶವೇ ಮುಖ್ಯ ಎಂದಿತು.

ಅಪರಾಧ ನಡೆದದ್ದು ಗೊತ್ತಾದ, ನಡೆಯಬಹುದೆಂಬ ಶಂಕೆ ಬಂದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು ಎನ್ನುತ್ತದೆ ಕಾಯ್ದೆಯ 19ನೆಯ ಸೆಕ್ಷನ್. ತಿಳಿಸದಿದ್ದರೆ 21ನೆಯ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಧರಿಸದೆ ದಾಖಲಿಸಿಕೊಳ್ಳಬೇಕು. ಮಗುವಿನ ಗುರುತನ್ನು ಮಾಧ್ಯಮಗಳು ಬಯಲು ಮಾಡುವಂತಿಲ್ಲ.

2020ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಪೋಕ್ಸೋ ನಿಯಮಗಳು ಶಿಕ್ಷಣದ ವಿಷಯವನ್ನು ನೇರವಾಗಿ ಎತ್ತಿಕೊಂಡಿವೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವೈಯಕ್ತಿಕ ಸುರಕ್ಷತೆಯ ಬಗ್ಗೆ ವಯಸ್ಸಿಗೆ ತಕ್ಕ ಪಠ್ಯ ಸಾಮಗ್ರಿ ಸಿದ್ಧಪಡಿಸಬೇಕು. ಮಕ್ಕಳೊಡನೆ ನಿತ್ಯ ಒಡನಾಡುವ ಸಂಸ್ಥೆಗಳು ಬೋಧಕರಷ್ಟೇ ಅಲ್ಲದೆ ಬೋಧಕೇತರ ಸಿಬ್ಬಂದಿಯ ಪೂರ್ವಾಪರವನ್ನೂ ಪೊಲೀಸರ ಮೂಲಕ ಪರಿಶೀಲಿಸಬೇಕು, ಅವರಿಗೆ ತರಬೇತಿ ಕೊಡಬೇಕು, ಮಕ್ಕಳ ರಕ್ಷಣಾ ನೀತಿಯನ್ನು ಅಳವಡಿಸಿಕೊಳ್ಳಬೇಕು.

ಪಠ್ಯಕ್ರಮದಲ್ಲಿ ಸ್ಥಾನ

ಸರ್ಕಾರಿ ಪಠ್ಯಕ್ರಮದ ದಾರಿ ಸುಗಮವಾಗಿರಲಿಲ್ಲ. ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ 2007ರ ಸುಮಾರಿಗೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ತಡೆ ಬಿತ್ತು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದಿತು. ಆ ವಿವಾದದ ನೆರಳು ಚಿಕ್ಕ ಮಕ್ಕಳ ಸುರಕ್ಷತೆಯ ಪಾಠದ ಮೇಲೂ ಬಿತ್ತು. ಈ ನಡುವೆ ಪಾಠವನ್ನು ಉಳಿಸಿ ಬೆಳೆಸಿದವರಲ್ಲಿ ಸ್ವಯಂಸೇವಾ ಸಂಸ್ಥೆಗಳ ಪಾತ್ರ ದೊಡ್ಡದು: 2001ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀರೋಗ ತಜ್ಞೆಯರಾದ ಸಂಗೀತಾ ಸಕ್ಸೇನಾ ಮತ್ತು ಶೈಬ್ಯಾ ಸಲ್ಡಾನ ಕಟ್ಟಿದ ಎನ್‌ಫೋಲ್ಡ್, 2004ರಲ್ಲಿ ಚೆನ್ನೈಯಲ್ಲಿ ಹುಟ್ಟಿದ ತುಳಿರ್, 2006ರಲ್ಲಿ ಪೂಜಾ ತಪಾರಿಯಾ ಮುಂಬೈಯಲ್ಲಿ ಆರಂಭಿಸಿದ ಅರ್ಪಣ್.

2020ರಲ್ಲಿ ಆಯುಷ್ಮಾನ್ ಭಾರತ್ ಅಡಿಯ ಶಾಲಾ ಆರೋಗ್ಯ ಕಾರ್ಯಕ್ರಮ 11 ವಿಷಯಗಳೊಂದಿಗೆ ಬಂತು. ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡುವುದು ಅದರ ಯೋಜನೆ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ಅಸುರಕ್ಷಿತ ಸಂದರ್ಭವನ್ನು ಅರಿತು ಸಹಾಯ ಕೇಳುವುದು ಒಂದು ಕಲಿಕಾ ಸಾಮರ್ಥ್ಯವಾಗಿ ಸೇರಿದೆ.

ಕರ್ನಾಟಕದಲ್ಲಿ

ಬೆಂಗಳೂರಿನ ‘ಸಂವಾದ’ ಸಂಸ್ಥೆ 1990ರ ದಶಕದಲ್ಲೇ ವಿದ್ಯಾರ್ಥಿನಿಯರ ನಡುವೆ ಸಮೀಕ್ಷೆ ನಡೆಸಿ, ಮುಚ್ಚಿಟ್ಟಿದ್ದ ವಿಷಯವನ್ನು ಚರ್ಚೆಗೆ ತಂದಿತ್ತು. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2009ರಲ್ಲಿ ರಚನೆಯಾಯಿತು. 2014ರ ಜುಲೈಯಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ದೌರ್ಜನ್ಯ ನಡೆದ ಸುದ್ದಿ ಹೊರಬಿದ್ದಾಗ ಪಾಲಕರು ಬೀದಿಗಿಳಿದರು. ಶಾಲೆಗಳಿಗೆ ಸಿಸಿಟಿವಿ, ಸಿಬ್ಬಂದಿಯ ಪರಿಶೀಲನೆ ಮುಂತಾದ ಮಾರ್ಗಸೂಚಿಗಳು ಬಂದವು. 2016ರಲ್ಲಿ ರಾಜ್ಯ ಮಕ್ಕಳ ರಕ್ಷಣಾ ನೀತಿ ಸಿದ್ಧವಾಯಿತು. ಕ್ಯಾಮೆರಾ ನಡೆದದ್ದನ್ನು ದಾಖಲಿಸಬಲ್ಲದು. ಮಗುವಿನ ಮಾತಿಗೆ ಕಿವಿಗೊಡುವ ಕೆಲಸ ಮನುಷ್ಯರದೇ.

ಈ ಪಾಠಕ್ಕೆ ಒದಗಿಬರುವ ಒಳ್ಳೆಯ ನೆಲಗಟ್ಟು ರಾಜ್ಯದಲ್ಲಿ ಈಗಾಗಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ನೆಲದ ಮೇಲೆ ಗುಂಪಾಗಿ ಕುಳಿತು ಹಾಡು, ಕಾರ್ಡು, ಆಟಗಳಿಂದ ಕಲಿಯುತ್ತಾರೆ. ದೇಹ ಸುರಕ್ಷತೆಯ ಪಾಠ ಬೇಡುವ ವಿಧಾನವೂ ಇದೇ. ಗ್ರಾಮ ಪಂಚಾಯಿತಿಗಳ ಮಕ್ಕಳ ಹಕ್ಕುಗಳ ಗ್ರಾಮಸಭೆಯಲ್ಲಿ ಮಕ್ಕಳು ಎದ್ದುನಿಂತು ಬಾಗಿಲಿಲ್ಲದ ಶೌಚಾಲಯ, ದೀಪವಿಲ್ಲದ ದಾರಿ, ಬಸ್ಸಿನಲ್ಲಾಗುವ ತೊಂದರೆ ಹೇಳಬಹುದು. ಪೊಲೀಸ್ ಇಲಾಖೆಯ ‘ತೆರೆದ ಮನೆ’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳು ಠಾಣೆಗೆ ಭೇಟಿ ಕೊಟ್ಟು ಭಯ ಕಳೆದುಕೊಳ್ಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗದ ಆಶ್ರಯದಲ್ಲಿ 2020ರಲ್ಲಿ ಶುರುವಾದ ‘ಸಂವಾದ್’ ರಾಷ್ಟ್ರೀಯ ಉಪಕ್ರಮ ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವರಿಗೆ ತರಬೇತಿ ಕೊಡುತ್ತಿದೆ. ವಸತಿ ಶಾಲೆ, ಆಶ್ರಮ ಶಾಲೆ, ವಿದ್ಯಾರ್ಥಿ ನಿಲಯಗಳಲ್ಲಿ ಹಗಲಿರುಳು ಮನೆಯವರಿಂದ ದೂರವಿರುವ ಮಕ್ಕಳಿಗೆ ಈ ಪಾಠವೂ, ಹೊರಗಿನವರೊಡನೆ ಫೋನಿನಲ್ಲಿ ಮಾತನಾಡುವ ಅವಕಾಶವೂ ಇನ್ನಷ್ಟು ಅಗತ್ಯ.

ಮಗು ಹೇಳಿದಾಗ

ಮಗು ಪೂರ್ತಿ ಕಥೆಯನ್ನು ಒಮ್ಮೆಗೇ ಹೇಳುವುದು ಅಪರೂಪ. ‘ಆ ಅಂಕಲ್ ಮನೆಗೆ ಹೋಗಲ್ಲ’, ‘ವ್ಯಾನಲ್ಲಿ ಮುಂದೆ ಕೂರಲ್ಲ’, ‘ಟೀಚರ್, ನನ್ ಫ್ರೆಂಡಿಗೆ ಒಬ್ರು ಹೀಗ್ ಮಾಡ್ತಾರೆ’ ಎಂಬ ತುಣುಕು ಮಾತುಗಳಲ್ಲಿ ಅದು ಹಿರಿಯರನ್ನು ಪರೀಕ್ಷಿಸುತ್ತದೆ. ಮತ್ತೆ ಹಾಸಿಗೆ ಒದ್ದೆ ಮಾಡುವುದು, ಒಮ್ಮೆಲೇ ಮೌನವಾಗುವುದು, ಶಾಲೆಗೆ ಹೋಗುವುದಿಲ್ಲವೆಂಬ ಹಟ, ಕಾರಣವಿಲ್ಲದ ಹೊಟ್ಟೆನೋವು ಬೇರೆ ತೊಂದರೆಗಳ ಲಕ್ಷಣವೂ ಆಗಿರಬಹುದು, ಆದರೂ ಗಮನಿಸಬೇಕು.

ಆಗ ಶಿಕ್ಷಕರು ಗಾಬರಿ, ಸಿಟ್ಟು ತೋರಿಸದೆ ಕೇಳಿಸಿಕೊಳ್ಳಬೇಕು. ‘ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ’ ಎನ್ನಬೇಕು. ‘ಯಾಕೆ ಅಲ್ಲಿಗೆ ಹೋದೆ’, ‘ಮೊದಲೇ ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆಗಳು ಬೇಡ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು; ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ ಎನ್ನಬೇಕು. ಮಗು ಬಳಸಿದ ಮಾತುಗಳನ್ನೇ ಬರೆದಿಡಬೇಕು. ಒಬ್ಬರಾದ ಮೇಲೆ ಒಬ್ಬರು ಕರೆದು ವಿಚಾರಿಸುವುದು, ಆರೋಪಿಯ ಎದುರು ನಿಲ್ಲಿಸುವುದು, ಶಾಲೆಯ ಹೆಸರು ಉಳಿಸಲು ರಾಜಿ ಮಾಡಿಸುವುದು ಮಗುವಿಗೆ ಎರಡನೆಯ ಹಿಂಸೆ. ಪೊಲೀಸರಿಗೆ ಅಥವಾ 1098ಕ್ಕೆ ತಿಳಿಸಿದ ಮೇಲೆ, ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಸಮಿತಿ ಮಗುವಿನ ಜೊತೆ ನಿಲ್ಲುವ ಬೆಂಬಲ ವ್ಯಕ್ತಿಯನ್ನು ಒದಗಿಸಬೇಕು. 1996ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಹುಟ್ಟಿದ 1098 ಸೇವೆ ಈಗ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಸರ್ಕಾರದ ವ್ಯವಸ್ಥೆಯಾಗಿದೆ.

ಫಲ ಮತ್ತು ಟೀಕೆ

ಇಂಥ ಪಾಠಗಳ ಪರಿಣಾಮವನ್ನು ಪರಿಶೀಲಿಸಿದ 24 ಅಧ್ಯಯನಗಳನ್ನು ಒಟ್ಟುಗೂಡಿಸಿ, 5,802 ಮಕ್ಕಳ ಮಾಹಿತಿಯೊಂದಿಗೆ, ಕೊಕ್ರೇನ್ ಸಂಸ್ಥೆ 2015ರಲ್ಲಿ ಒಂದು ವಿಮರ್ಶೆ ಪ್ರಕಟಿಸಿತು. ಪಾಠ ಕೇಳಿದ ಮಕ್ಕಳ ತಿಳಿವಳಿಕೆಯೂ ರಕ್ಷಣೆಯ ಕೌಶಲವೂ ಹೆಚ್ಚಿದ್ದವು. ಅವರಲ್ಲಿ ಭಯ, ಆತಂಕ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಪಾಠ ಕೇಳದವರಲ್ಲಿ ಸಾವಿರಕ್ಕೆ ಸುಮಾರು 4 ಮಕ್ಕಳು ದೌರ್ಜನ್ಯವನ್ನು ಹೇಳಿಕೊಂಡರೆ, ಕೇಳಿದವರಲ್ಲಿ ಸಾವಿರಕ್ಕೆ ಸುಮಾರು 14 ಮಕ್ಕಳು ಹೇಳಿಕೊಂಡರು. ಆದರೆ ದೌರ್ಜನ್ಯವೇ ಕಡಿಮೆಯಾಗುತ್ತದೆಂದು ಆ ವಿಮರ್ಶೆಗೆ ಸಾಬೀತುಪಡಿಸಲಾಗಲಿಲ್ಲ. ಅಮೆರಿಕದ ಕಾಲೇಜು ವಿದ್ಯಾರ್ಥಿನಿಯರ ನಡುವೆ ಗಿಬ್ಸನ್ ಮತ್ತು ಲೈಟನ್‌ಬರ್ಗ್ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಇಂಥ ಪಾಠ ಕೇಳಿದವರಲ್ಲಿ ದೌರ್ಜನ್ಯಕ್ಕೆ ಒಳಗಾದವರು ಶೇ. 8, ಕೇಳದವರಲ್ಲಿ ಶೇ. 14.

ರೆಪ್ಪುಚಿ ಮತ್ತು ಹಾಗಾರ್ಡ್ ಎಂಬ ಮನಶ್ಶಾಸ್ತ್ರಜ್ಞರು 1989ರಲ್ಲೇ ಎತ್ತಿದ ಆಕ್ಷೇಪ ಇಂದಿಗೂ ತೂಕದ್ದು: ತನಗಿಂತ ಬಲಶಾಲಿಯಾದ, ತಾನು ಪ್ರೀತಿಸುವ ಹಿರಿಯನನ್ನು ತಡೆಯುವ ಕೆಲಸವನ್ನು ಪುಟ್ಟ ಮಗುವಿನಿಂದ ನಿರೀಕ್ಷಿಸುವುದು ಎಷ್ಟು ಸರಿ? ಈ ಆಕ್ಷೇಪಕ್ಕೆ ಸಿಕ್ಕ ಉತ್ತಮ ಉತ್ತರವೆಂದರೆ ಪಾಠವನ್ನು ಕೈಬಿಡದೆ ಅದರ ಸುತ್ತ ಹಿರಿಯರ ಹೊಣೆಯನ್ನು ಕಟ್ಟುವುದು. ಹೆಚ್ಚು ಮಕ್ಕಳು ಹೇಳಿಕೊಂಡರು ಎಂಬುದೇ ಪಾಠದ ಗೆಲುವು ಎಂದಾದರೆ, ಹೇಳಿಕೊಂಡ ಆ ಮಕ್ಕಳಿಗೆ ಮುಂದೆ ಏನಾಯಿತು ಎಂಬುದು ಅದರ ನಿಜವಾದ ಪರೀಕ್ಷೆ.

ಮತ್ತೊಂದು ತೊಡಕು ಶಾಲೆಯೊಳಗೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಿವಿ ಹಿಂಡುವ, ಕೋಲು ಹಿಡಿಯುವ ತರಗತಿಯಲ್ಲಿ ‘ನಿನ್ನ ದೇಹ ನಿನ್ನದು’ ಎಂದರೆ ಮಗು ಮಾತನ್ನು ಬಿಟ್ಟು ಕೋಲನ್ನು ನಂಬುತ್ತದೆ. ಕಿವಿ ಕೇಳದ, ಮಾತು ಬಾರದ, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳು ಇತರರಿಗಿಂತ ಹೆಚ್ಚು ಅಪಾಯದಲ್ಲಿದ್ದಾರೆ. ಸಂಜ್ಞೆ, ಚಿತ್ರ, ಬೊಂಬೆಗಳ ಮೂಲಕ ಅವರಿಗೆ ತಲುಪುವ ಪಾಠಗಳು ಇನ್ನೂ ಕಡಿಮೆ. ಮನೆಮಾತು ತುಳು, ಕೊಂಕಣಿ, ಉರ್ದು, ಲಂಬಾಣಿ ಆಗಿರುವ ಮಗುವಿಗೆ ತನ್ನ ನೋವನ್ನು ಮನೆಮಾತಿನಲ್ಲಿ ಹೇಳಲು ಅವಕಾಶವಿರಬೇಕು.

ಆಗಬೇಕಾದದ್ದು

ಡಿ.ಇಡಿ. ಮತ್ತು ಬಿ.ಇಡಿ. ಓದುವಾಗಲೇ ಭಾವೀ ಶಿಕ್ಷಕರು ಈ ಪಾಠ ಮಾಡಲು ಕಲಿಯಬೇಕು. ಅಂಗನವಾಡಿ ಕಾರ್ಯಕರ್ತೆ, ಬಿಸಿಯೂಟದ ಅಡುಗೆಯವರು, ವ್ಯಾನ್ ಚಾಲಕ, ಕಾವಲುಗಾರ, ದೈಹಿಕ ಶಿಕ್ಷಕ, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಎಲ್ಲರಿಗೂ ಮಕ್ಕಳ ರಕ್ಷಣೆಯ ನಿಯಮ ಗೊತ್ತಿರಬೇಕು. ಅವುಗಳನ್ನು ಮೀರಿದರೆ ಯಾರು ಕ್ರಮ ಕೈಗೊಳ್ಳುತ್ತಾರೆಂಬುದು ಗೋಡೆಯ ಮೇಲೆ ಬರೆದಿರಬೇಕು. ಸಲಹಾ ಪೆಟ್ಟಿಗೆಯನ್ನು ತೂಗುಹಾಕಿದರೆ ಸಾಲದು, ಅದನ್ನು ಯಾರು, ಯಾವ ದಿನ ತೆರೆಯುತ್ತಾರೆಂಬುದು ಮಕ್ಕಳಿಗೆ ತಿಳಿದಿರಬೇಕು. ಮಗುವಿಗೆ ಕಲಿಸಬೇಕಾದ ಪಾಠಗಳು ವರ್ಷಕ್ಕೆ ಕೆಲವೇ. ಹಿರಿಯರು ಕಲಿಯಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಯಾವ ಶಾಲೆಯಾದರೂ ಈ ಶಿಕ್ಷಣವನ್ನು ಸಿಬ್ಬಂದಿಯ ಕೋಣೆಯಿಂದ ಆರಂಭಿಸಿ, ಆಮೇಲೆ ಒಂದನೆಯ ತರಗತಿಗೆ ಕಾಲಿಡಬೇಕು.